ಹತ್ತು ಗ್ರಾಂ ನೂಲು

ಮೀನು ಹಿಡಿಯುವ ದಾರದಂಥದೇ ಒಂದು ನೂಲು,
ಗಿಡ್ಡ, ಹಿಡಿಕೆಗೆ ಸಿಕ್ಕಿಸಿದ್ದು.
ಚರ್ಮಕ್ಕೆ ಒತ್ತಿದರೆ ಬಿಲ್ಲಾಗುತ್ತದೆ.
ಹತ್ತು ಗ್ರಾಂ ಭಾರಕ್ಕೆ ಬಾಗಬೇಕು, ಅಷ್ಟೇ ಅದರ ವಿದ್ಯೆ.
ನನ್ನ ನೌಕರಿಯೂ ಹೆಚ್ಚುಕಡಿಮೆ ಅದೇ:
ಬಾಗುವುದು, ಅಂಗಾಲು ಮುಟ್ಟುವುದು, ಕೇಳುವುದು,
ಗೊತ್ತಾಯಿತೇ?

ಲಿಫುಕಾ ದ್ವೀಪ. ಇಗರ್ಜಿಯ ಪಕ್ಕದ ಹಜಾರ. ಸೋಮವಾರ.
ಭಾನುವಾರದ ಊಟ ಇನ್ನೂ ಚಾಪೆಗಳಲ್ಲಿ ವಾಸನೆಯಾಗಿ ಕೂತಿದೆ:
ಕೆಸುವಿನೆಲೆ, ತೆಂಗಿನಹಾಲು,
ಹಡಗಿನಲ್ಲಿ ಬಂದ ಕುರಿಯ ಕೊಬ್ಬುಪಕ್ಕೆ.
ಹಿರಿಯರ ಮುಂದೆ ಕಾಲು ಚಾಚಬಾರದ ಊರು ನಮ್ಮದು.
ಸೋಮವಾರ ಮಾತ್ರ ಹಿರಿಯರೇ ಚಾಚುತ್ತಾರೆ,
ನಾಚಿಕೊಂಡು, ಗೋಡೆ ನೋಡಿಕೊಂಡು.
ಈ ಕಾಯಿಲೆಗೆ ಇಲ್ಲಿ ಸುಕಾ ಅನ್ನುತ್ತೇವೆ, ಸಕ್ಕರೆ.
ಯಾವ ಕಾಯಿಲೆಯ ಹೆಸರೂ ಬಾಯಿಗೆ ಇಷ್ಟು ರುಚಿಯಾಗಿರಬಾರದು.

ಆರನೆಯವನು ಕೆಲೆಪಿ.
ಹವಳದ ದಿಬ್ಬವನ್ನು ಕಾಲಿನಿಂದ ಓದಿದವನು.
ದೀಪವಿಲ್ಲದ ರಾತ್ರಿ, ಮೊಳಕಾಲುದ್ದ ನೀರಲ್ಲಿ,
ಇದು ಕಲ್ಲು, ಇದು ಚಿಪ್ಪು, ಇದು ಮಲಗಿದ ಆಕ್ಟೋಪಸ್
ಎಂದು ಅವನ ಅಂಗಾಲೇ ಹೇಳುತ್ತಿತ್ತಂತೆ.

ಕಣ್ಣು ಮುಚ್ಚಿ, ಮುಟ್ಟಿದಾಗ ಹೂಂ ಅನ್ನಿ ಅಂದೆ.
ಹೆಬ್ಬೆರಳು. ಹೂಂ.
ಕಿರುಬೆರಳು. ಹೂಂ.
ಹಿಮ್ಮಡಿ. ಹೂಂ.
ಎಲ್ಲ ಸರಿ ಎಂದು ಬರೆದುಕೊಳ್ಳುವವಳಿದ್ದೆ.
ಅಷ್ಟರಲ್ಲಿ ಒಂದು ನೊಣ. ಅದನ್ನು ನೋಡುತ್ತ
ನೂಲು ಗಾಳಿಯಲ್ಲೇ ಉಳಿಯಿತು.
ಹೂಂ, ಅಂದ ಕೆಲೆಪಿ.
ಸುಮ್ಮನಿದ್ದೆ.
ಹೂಂ.

ನಲವತ್ತು ವರ್ಷ ಇಗರ್ಜಿಯ ಮೇಳದಲ್ಲಿ
ಮಂದ್ರ ಸ್ವರಕ್ಕೆ ನಿಂತವನು.
ತನ್ನ ಸರದಿ ಎಲ್ಲಿ ಬರುತ್ತದೆಂದು ಎಣಿಸಬಲ್ಲ.
ನನ್ನ ಕೈಯ ತಾಳ ಹಿಡಿದಿದ್ದ, ಅಷ್ಟೇ.

ನಾನೇನೂ ಹೇಳಲಿಲ್ಲ. ಪಾದ ಬೆಳಕಿಗೆ ತಿರುಗಿಸಿದೆ.
ಬೆರಳಬುಡದಲ್ಲಿ ಒಂದು ಚಿಪ್ಪಿನ ಚೂರು,
ಅಕ್ಕಿಕಾಳಿನಷ್ಟು, ಸುತ್ತ ಕೆಂಪು.
ಚಿಮಟದಿಂದ ಕಿತ್ತು ಅವನ ಅಂಗೈಗೆ ಹಾಕಿದೆ.
ಮುಷ್ಟಿ ಕಟ್ಟಿದ, ಚುಚ್ಚಿತು, ಕೈ ಕೊಡವಿದ.
ಆಮೇಲೆ ಕಾಲು ನೋಡಿದ. ಕೈ ನೋಡಿದ.
"ಶನಿವಾರ ಹೋಗಿದ್ದೆ ದಿಬ್ಬಕ್ಕೆ," ಅಂದ.
ಶನಿವಾರದಿಂದ ಅದರ ಮೇಲೇ ನಡೆದಿದ್ದ,
ಅದರ ಮೇಲೇ ನಿಂತು ಹಾಡಿದ್ದ.

ನನ್ನಮ್ಮನದು ಇನ್ನೂ ಚಿಕ್ಕದು.
ಮದುವೆಗೆಂದು ತೊಟ್ಟ ಹೊಸ ಬೂಟು, ಒಂದು ಬೊಬ್ಬೆ.
ನೋಯಲಿಲ್ಲವಲ್ಲ ಮಗಳೇ, ಅನ್ನುತ್ತಿದ್ದಳು
ರಾಜಧಾನಿಯ ಆಸ್ಪತ್ರೆಯಿಂದ ಒಂದೇ ಕಾಲಲ್ಲಿ ಇಳಿದ ಮೇಲೂ.
ನೋವಿರಲಿಲ್ಲ. ಅದೇ ಬಂದದ್ದು.
ನೋವು ಕಾವಲುಗಾರ, ಕೆಲೆಪಿ. ನಿಮ್ಮವನು ನಿದ್ದೆಹೋಗಿದ್ದಾನೆ,
ಇನ್ನು ಕಣ್ಣೇ ಕಾಯಬೇಕು.

ಮೊಮ್ಮಗಳು ಟೋಕಿಲುಪೆಗೆ ಕೆಲಸ ಹಂಚಿದೆ. ಒಂಬತ್ತು ವರ್ಷ,
ಮುಂದಿನ ಎರಡು ಹಲ್ಲಿಲ್ಲ.
ದಿನಾ ಸಂಜೆ ನೆಲಕ್ಕೆ ಕನ್ನಡಿ ಇಟ್ಟು ತಾತನ ಅಂಗಾಲು ಓದು.
ಅವನ ಬೂಟು ಬೋರಲು ಹಾಕಿ ಬಡಿ.
ಬಿಸಿನೀರಿಗೆ ಅವನ ಕಾಲಿಗಿಂತ ಮೊದಲು ನಿನ್ನ ಮೊಳಕೈ.
"ಟೀಗೆ ನಾಲ್ಕು ಚಮಚ ಹಾಕ್ತಾನೆ," ಅಂದಳು, ಕೇಳದೆಯೇ.
ಹಜಾರವೆಲ್ಲ ನಕ್ಕಿತು.
ಕೆಲೆಪಿ ಮಾತ್ರ ಬೆರಳು ಮಡಿಸಿ ಮೂರು ತೋರಿಸಿದ, ಚೌಕಾಸಿಗೆ.

ಮುಂದಿನ ತಿಂಗಳು ಬಂದರು.
ಚಮಚ ಎರಡಕ್ಕೆ ಇಳಿದಿತ್ತು. ಗುಳಿಗೆ ಒಂದೂ ಉಳಿದಿರಲಿಲ್ಲ.
ಹುಡುಗಿಯ ಪಟ್ಟಿಯಲ್ಲಿ ಒಂದು ಪಾದ, ಬಣ್ಣದಲ್ಲಿ,
ದಿಬ್ಬದ ನಕಾಶೆಯ ಹಾಗೆ: ಇಲ್ಲಿ ಒಡಕು, ಇಲ್ಲಿ ಗಟ್ಟಿ,
ಇಲ್ಲಿ ಚೂರು ಇದ್ದ ಜಾಗ, ಈಗ ಮಾಯ್ದಿದೆ.
ಹೆಬ್ಬೆರಳಿಗೆ ನೂಲು ಒತ್ತಿದೆ.
ತುಂಬ ಹೊತ್ತು ಕಣ್ಣು ಮುಚ್ಚಿ ಕೂತಿದ್ದ.
"ಇಲ್ಲ," ಅಂದ.
ಆ ಇಲ್ಲವನ್ನು ಬರೆದುಕೊಂಡೆ, ಒತ್ತಿ, ಕಾಗದ ಹರಿಯುವಷ್ಟು.

ಆಗ ಟೋಕಿಲುಪೆ ಕೇಳಿದಳು,
"ನಿಮ್ಮದನ್ನು ಯಾರು ನೋಡ್ತಾರೆ?"
ಮುಂದಿನ ಸೋಮವಾರ, ಅಂದೆ.
ಎರಡು ವರ್ಷದಿಂದ ಹಾಗೇ ಅನ್ನುತ್ತಿದ್ದೇನೆ,
ನನಗೂ ತಾಳ ತಪ್ಪುವುದಿಲ್ಲ.

ಕೆಲೆಪಿ ಕಣ್ಣು ತೆರೆದು ನನ್ನನ್ನೇ ನೋಡಿದ.
ಸೂಜಿಯ ಡಬ್ಬಿ ಹುಡುಗಿಯ ಕಡೆ ತಳ್ಳಿ
ಬೆರಳು ಚಾಚಿದೆ.