ಬಿಟ್ಟ ಸ್ಥಳ ತುಂಬಿರಿ

ಊರಿನ ಹೆಸರು ಹಲ್.
ಕನ್ನಡದವರಿಗೆ ಹೇಳಿದರೆ ಬಾಯಿ ಮುಟ್ಟಿ ನೋಡಿಕೊಳ್ಳುತ್ತಾರೆ.
ಇಲ್ಲಿ ಫೋನಿನ ಡಬ್ಬಿಗಳು ಕೆಂಪಲ್ಲ, ಕೆನೆಹಾಲಿನ ಬಣ್ಣ;
ಮೊದಲಿನಿಂದಲೂ ತನ್ನದೇ ತಂತಿ, ತನ್ನದೇ ಹಟ.
ಅಂಥದೊಂದು ಡಬ್ಬಿಯ ಎದುರು, ಎರಡನೇ ಮಹಡಿಯಲ್ಲಿ ಕೂತು
ಕೋಡು ಬರೆಯುವ ನಾನೂರ ಹನ್ನೆರಡು ಜನಕ್ಕೆ ಕೇಳಿದೆ:
ವೆಬ್ ಕಾಂಪೊನೆಂಟು ನಿಮಗೆ ಒಗ್ಗಿತೇ?
ಎಲ್ಲಿ ಕೈ ಹಿಡಿಯಿತು, ಎಲ್ಲಿ ಕಚ್ಚಿತು?
ಒಂದರಿಂದ ಐದರ ತನಕ ಗುರುತು ಹಾಕಿ.
ಕೊನೆಗೆ ಒಂದು ಖಾಲಿ ಚೌಕ, ಇನ್ನೇನಾದರೂ ಇದ್ದರೆ.

ಅಂಕಿಗಳಿಂದ ಏನೂ ತಿಳಿಯಲಿಲ್ಲ.
ಮೂರು, ಮೂರು, ನಾಲ್ಕು, ಮೂರು.
ಮನುಷ್ಯರು ಸಿಕ್ಕಿದ್ದು ಚೌಕದಲ್ಲಿ.

ಗ್ರಿಮ್ಸ್‌ಬಿಯ ಒಬ್ಬ, ಮೀನು ಹರಾಜಿನ ಪರದೆ ಬರೆಯುವವ:
"ಫ್ರೇಮ್‌ವರ್ಕು ಮೂರು ಸಲ ಬದಲಾಯಿತು, ಮ್ಯಾನೇಜರು ಎರಡು ಸಲ.
ನನ್ನ ಬೆಲೆಪಟ್ಟಿಯ ಟ್ಯಾಗು ಮಾತ್ರ
ಉಪ್ಪಿನಲ್ಲಿಟ್ಟ ಮೀನು, ಹಾಗೇ ಇದೆ."
ಬೆವರ್ಲಿಯ ಒಬ್ಬಳು ಒಂದಿಡೀ ಶುಕ್ರವಾರ ಕಳೆದದ್ದು
ಒಂದು ಗುಂಡಿಗೆ ಬಣ್ಣ ಬಳಿಯಲು.
ಹೊರಗಿನ ಬಣ್ಣ ಒಳಗೆ ಇಳಿಯುವುದಿಲ್ಲ,
ಛತ್ರಿ ಹಿಡಿದು ನಿಂತವರಿಗೆ ಓಕುಳಿ ಎರಚಿದ ಹಾಗೆ.
(ಓಕುಳಿ ನನ್ನ ಮಾತು. ಅವಳು ಬರೆದದ್ದು ಬೈಗುಳ.)

ಹೆಸರಿನ ಗೋಳು ತೋಡಿಕೊಂಡವರು ಬಹಳ.
ಹೊಸ ಟ್ಯಾಗಿಗೆ ಹೆಸರಿಡುವಾಗ
ನಡುವೆ ಅಡ್ಡಗೆರೆ ಇರಲೇಬೇಕು,
ಇಲ್ಲದಿದ್ದರೆ ಬ್ರೌಸರು ತನ್ನವನೆಂದು ಒಪ್ಪುವುದಿಲ್ಲ.
ಕನ್ನಡ ಮೇಷ್ಟ್ರ ಕೆಂಪು ಶಾಯಿ ನೆನಪಾಯಿತು:
"ಎರಡು ಜಾತಿಯ ಪದ ಕೂಡಿಸಬೇಡ. ಅರಿಸಮಾಸ."
ಮೇಷ್ಟ್ರೇ, ಇಲ್ಲಿ ಎಲ್ಲವೂ ಅರಿಸಮಾಸ.
ಎಲ್ಲವೂ ನಡೆಯುತ್ತದೆ, ಒಂದು ಗೆರೆ ಇದ್ದರೆ.

ಒಂಬತ್ತನೆಯ ದಿನ ಫೋನು ಬಂತು.
"ನಾನು ಮೋರಾ ಥ್ವೇಟ್, ಹೆಸಲ್‌ನಿಂದ.
ಬಸ್ಸಿನ ವೇಳಾಪಟ್ಟಿಗೆ ಕೋಡು ಬರೆಯುತ್ತೇನೆ, ಹತ್ತೊಂಬತ್ತು ವರ್ಷವಾಯಿತು.
ನನಗೆ ಕಣ್ಣು ಕಾಣುವುದಿಲ್ಲ. ನಿಮ್ಮ ಸಮೀಕ್ಷೆಗೆ ಕೂತರೆ
ಪರದೆ ಓದುವ ದನಿ ಹೇಳುತ್ತಿದೆ:
ಚೌಕ, ಖಾಲಿ.
ಚೌಕ, ಖಾಲಿ.
ಪ್ರಶ್ನೆ ಏನು ಅಂತ ಹೇಳುತ್ತೀರಾ?"

ಪ್ರಶ್ನೆ ಅಲ್ಲೇ ಇತ್ತು, ಚೌಕದ ನೆತ್ತಿಯ ಮೇಲೆ, ದಪ್ಪಕ್ಷರದಲ್ಲಿ.
ಆದರೆ ಪ್ರಶ್ನೆ ಹೊರಗೆ, ಚೌಕ ನೆರಳಿನೊಳಗೆ.
ಇದಕ್ಕೆ ಅದು ಹೆಸರು ಎಂದು ಕಟ್ಟಿದ ದಾರ
ನೆರಳಿನ ಹೊಸಿಲು ದಾಟುವುದಿಲ್ಲ.
ನೋಡುವವರಿಗೆ ಎರಡೂ ಅಕ್ಕಪಕ್ಕ;
ಕೇಳುವವರಿಗೆ ನಡುವೆ ಹಂಬರ್ ನದಿ, ಸೇತುವೆ ಇಲ್ಲದೆ.
ಆ ಚೌಕ ಕಟ್ಟಿದ್ದು ನಾನು. ವೆಬ್ ಕಾಂಪೊನೆಂಟಿನಲ್ಲೇ. ಹೆಮ್ಮೆಯಿಂದ.
ಒಂಬತ್ತು ದಿನ ಅವರಿವರ ಎಲೆಯ ನೊಣ ಎಣಿಸಿದ್ದೆ,
ನನ್ನೆಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿತ್ತು.

"ನಾನೇ ಓದಲೇ?"
"ಓದಿ. ಕೆಟಲು ಕುದಿಯುತ್ತಿದೆ, ಸ್ವಲ್ಪ ಜೋರಾಗಿ."
ಹನ್ನೊಂದು ಪ್ರಶ್ನೆ ಓದಿದೆ.
ನಾನೇ ಬರೆದ ವಾಕ್ಯಗಳು, ಬಾಯಲ್ಲಿ ಆಡಿದಾಗ
ಕೆಲವಕ್ಕೆ ಅರ್ಥವೇ ಇರಲಿಲ್ಲ.
ಏಳನೆಯದನ್ನು ಅವರು ಎರಡು ಸಲ ಓದಿಸಿದರು,
ಮೂರನೆಯ ಸಲ ನಾನೇ ಬಿಟ್ಟೆ.
ಚಹಾಕ್ಕೆ ಚಮಚ ಆಡಿಸುವ ಸದ್ದು, ಆಮೇಲೆ:
"ನೆರಳಿನ ಮೇಲೆ ನನಗೆ ಸಿಟ್ಟಿಲ್ಲ.
ಬೇರೆಯವರ ಗಲೀಜು ನನ್ನ ಕೋಡಿಗೆ ತಾಗದಂತೆ ಕಾದಿದೆ.
ಐದಕ್ಕೆ ನಾಲ್ಕು ಬರೆದುಕೊಳ್ಳಿ.
ಕಳೆದ ಒಂದು ಇವತ್ತಿನದು."

ರಾತ್ರಿ ಪ್ರಶ್ನೆಯನ್ನು ಚೌಕದ ಜೊತೆ ಒಳಗೆ ಹಾಕಿದೆ.
ಅರ್ಧ ಗಂಟೆಯ ಕೆಲಸ.
ಮತ್ತೆ ನಿದ್ದೆ ಹತ್ತದೆ ಎದ್ದು ದಾಖಲೆ ತೆಗೆದರೆ
ಪುಟ ತೆರೆದು, ಏನೂ ತುಂಬದೆ ಮುಚ್ಚಿದವರು ಮೂವತ್ತೊಂದು.
ಅವರಲ್ಲಿ ಎಷ್ಟು ಜನಕ್ಕೆ ಪ್ರಶ್ನೆ ಕೇಳಿಸಿತ್ತೋ.
ವರದಿಯ ಕರಡಿನಲ್ಲಿ ನಾನವರಿಗೆ ಹೆಸರಿಟ್ಟಿದ್ದೆ:
ಆಸಕ್ತಿ ಇಲ್ಲದವರು.

ಆ ಪದ ಅಳಿಸಿದ್ದೇನೆ.
ಬದಲಿಗೆ ಏನು ಬರೆಯುವುದೋ ಇನ್ನೂ ತಿಳಿಯದೆ
ಸದ್ಯಕ್ಕೆ ಅಲ್ಲೊಂದು
ಅಡ್ಡಗೆರೆ.