ಪಾಳಿ

ಹದಿನೆಂಟು ಸಾವಿರ ಚೀಲ ಸಿಮೆಂಟ್ ಮಾರಿದ್ದಕ್ಕ
ಕಂಪನಿಯವ್ರು ಎರಡು ಟಿಕೀಟು ಕೊಟ್ರು, ಫುಕೇಟಿಗೆ.
ನನ್ನ ಗಂಡಗ ವಿಮಾನ ಅಂದ್ರ ಜ್ವರ.
"ಅವ್ವನ್ನ ಕರ್ಕೊಂಡು ಹೋಗು" ಅಂದ, ಮಸ್ಕಿರಿಗೆ.
ಅತ್ತಿಗೆ ಮಸ್ಕಿರಿ ತಿಳೀಲಿಲ್ಲ.
ಮರುದಿನ ಟ್ರಂಕಿನ ಧೂಳು ಒರಸಲಿಕತ್ತಿದ್ದಳು.

ಕಲಬುರ್ಗಿ ಪಾಸ್‌ಪೋರ್ಟ್ ಆಫೀಸಿನ್ಯಾಗ
ಆಕಿ ಬೆರಳು ಗಾಜಿನ ಮ್ಯಾಲ ಐದು ಸಲ ಒತ್ತಿಸಿದ್ರು.
ಗುರುತು ಬರಲಿಲ್ಲ.
"ಏನ್ ಕೆಲಸ ಮಾಡ್ತಿದ್ರಿ ಅಜ್ಜಿ?"
"ನಿಮ್ಮ ಕಾಲಾಗ ನೋಡ್ರಿ."
ಶಹಾಬಾದ ಪರಸಿ,
ನಡದು ನಡದು ನುಣ್ಣಗಾಗಿ, ಆಕಿ ಬೆರಳಿನಂಗ.

ಸ್ಪೀಡ್‌ಬೋಟು ತೆರಿ ಮ್ಯಾಲ ಎತ್ತಿ ಎತ್ತಿ ಒಗೀತು.
ಸೇಡಂ ಡೀಲರ್ ವೀರಸಂಗಪ್ಪ
ಮುಂಜಾನಿ ತಿಂದದ್ದೆಲ್ಲ ಸಮುದ್ರಕ್ಕ ಕೊಟ್ಟ.
ಅತ್ತಿ ಸೆರಗು ಬಿಗಿದು ಕುಂತಿದ್ದಳು,
ಕಲ್ಲಿನ ಲಾರಿ ಮ್ಯಾಲ ಕುಂತು ಮನಿಗೆ ಬರೋವಂಗ.

ದ್ವೀಪ ಬಂತು. ಹೆಸರು ಬಾಯಾಗ ನಿಲ್ಲಲಿಲ್ಲ.
ನೀರಂದ್ರ, ಬಳಿಗಾರನ ಪೆಟ್ಟಿಗಿ ಬಿಸಿಲಿಗೆ ತೆರದಂಗ,
ಹಸಿರು ಮುಗಿದಲ್ಲಿ ನೀಲಿ.
ಹುಡುಗನೊಬ್ಬ ಕಣ್ಣಿಗೆ ಕನ್ನಡಿ ಕಟ್ಟಿ
ಬಾಯಿಗೆ ಪೈಪು ಕೊಟ್ಟು
ಕೈಸನ್ನಿಲೇ ಹೇಳಿದ: ಮೂಗು ಮರತುಬಿಡ್ರಿ.
ನಾ ಏಣಿ ಬಿಡಲೇ ಇಲ್ಲ.
ಅತ್ತಿ, ಕಚ್ಚಿ ಹಾಕಿದ ಸೀರಿ ಮ್ಯಾಲ ಕಿತ್ತಳಿ ಜಾಕೀಟು,
ಯಾರ ಕೈಯೂ ಹಿಡೀದ ದಡ್ಡಂತ ಧುಮುಕಿದಳು.

ಅರ್ಧ ತಾಸು ಬೋರಲಾಗೇ ಇದ್ದಳು.
ಮ್ಯಾಲ ಬಂದ ಮ್ಯಾಲ ಕೇಳಿದೆ, ಮೀನಾ ಕಂಡವೇನು?
"ಇದ್ವು. ಕಂಬಳಿ ಹಂಗ ಪಟ್ಟಿ ಪಟ್ಟಿ.
ನಾ ತಳಾ ನೋಡ್ತಿದ್ದೆ.
ಈ ಕನ್ನಡಿ ಇದ್ರ ಬಿದ್ದದ್ದು ಬಿದ್ದಲ್ಲೇ ಕಾಣ್ತದಲ್ಲ?"
ಆಮ್ಯಾಲ ಆ ಹುಡುಗನ ಜೋಡಿ ಕನ್ನಡದಾಗೇ ಚೌಕಾಶಿ ಮಾಡಿ
ಮುನ್ನೂರು ಬಾತ್ ಅಂದದ್ದನ್ನ ನೂರಾ ಐವತ್ತಕ್ಕ ಇಳಿಸಿ
ಕನ್ನಡಿ, ಪೈಪು ಉಡಿಯಾಗ ಕಟಗೊಂಡಳು.
ಮೊಮ್ಮಕ್ಕಳಿಗೆ ಅಂತ ನಾ ತಿಳದೆ.

ಶಹಾಬಾದಕ್ಕ ಬಂದ ಮೂರನೇ ದಿನ
ರೈಲು ಹಳಿ ಆಚಿ, ತುಂಬಿ ನಿಂತ ಹಳೇ ಖಣಿಗೆ ನಡದಳು.
ಹಿಂದ ನಾ, ನನ್ನ ಹಿಂದ
ಮೊಣಕಾಲು ಹಿಡಕೋಂತ ಜೈತುನಬಿ.

ನಲವತ್ತೊಂದು ವರ್ಷದ ಹಿಂದಿನ ಮಾತು. ಪಂಪು ಕೆಟ್ಟಿತ್ತಂತ.
ಒಂದೇ ರಾತ್ರಿ ನೀರು ಎದ್ದು
ಸುತ್ತಿಗಿ, ಉಳಿ, ಬುತ್ತಿ ಡಬ್ಬಿ ಎಲ್ಲಾ ಒಳಗ.
ಮಾಲಕ ಮತ್ತ ಈ ಕಡಿ ಹಾಯಲಿಲ್ಲ,
ಹದಿನೈದು ದಿನದ ಪಗಾರ ಅವನ ಕಿಸೆದಾಗ.
ಇನ್ನೊಂದು ಅದ ಅಲ್ಲಿ:
ರೊಟ್ಟಿ ತಿಂದ ಮ್ಯಾಲ ಇಬ್ರೂ ಆಡಲಿಕ್ಕಂತ
ತಳದ ಪದರಿನ ಮ್ಯಾಲ ಉಳಿಲೇ ಕೊರದ
ಚೌಕಾಬಾರದ ಮನಿಗಳು.
ಆವತ್ತಿನ ಆಟ ಅರ್ಧಕ್ಕ ನಿಂತಿತ್ತು,
ಮುಕ್ಕಾದಂ ಸೀಟಿ ಊದಿದ್ದಕ್ಕ.

ಇಲ್ಲಿ ನೀರು ಬಳಿಗಾರನ ಪೆಟ್ಟಿಗಿ ಅಲ್ಲ.
ಹಾವಸಿ, ಸಾಬಾನಿನ ನೊರಿ,
ಗಣಪತಿ ಕೂಡ್ರಿಸಿದ್ದ ಒಂದು ಹಲಗಿ.
ಕಡಿದ ಪದರೇ ಮೆಟ್ಟಲು. ಅತ್ತಿ ಎಣಿಸಿ ಇಳದಳು,
ಒಂಬತ್ತನೇದಕ್ಕ ಬೋರಲಾದಳು.
ತುರುಬು ಬಿಚ್ಚಿ ಬಿಳಿ ಕೂದಲಾ ನೀರ ಮ್ಯಾಲ ಹರವಿತು.
ಹಳದಿ ಪೈಪು ಒಂದೇ ಹೊರಗ,
ಹುಸ್, ಹುಸ್, ಹಳೇ ಪಂಪಿನಂಗ.

ಆಚಿ ಫ್ಯಾಕ್ಟರಿ ಭೋಂಗಾ ಕೂಗ್ತು, ಎರಡನೇ ಪಾಳಿ.
ಆಕಿ ಏಳಲಿಲ್ಲ.
ನಾ ದಂಡಿಗೆ ನಿಂತು ಉಸಿರು ಎಣಸಲಿಕತ್ತಿದ್ದೆ.
ನಲವತ್ತರ ಮುಂದ ಲೆಕ್ಕ ತಪ್ಪಿ ಮತ್ತ ಒಂದರಿಂದ.

ಜೈತುನಬಿ ಎಲಿ ಉಗುಳಿ,
ಎರಡೂ ಕೈ ಬಾಯಿಗೆ ಹಿಡದು
ಖಣಿ ತುಂಬ ಒದರಿದಳು:
"ಏ ದೇವಕೆಮ್ಮಾ! ಕಾಯಿ ಸರಸಬ್ಯಾಡ!
ಪಾಳಿ ನಂದಿತ್ತು!"