ಏಕವಚನಕ್ಕೆ ಇಳಿದದ್ದು

ಬಾಂದ್ರಾ ಫ್ಯಾಮಿಲಿ ಕೋರ್ಟಿನ ಕಾಂಪೌಂಡಿಗೆ ಬೆನ್ನು ಕೊಟ್ಟು
ನನ್ನ ಮೇಜು, ಹಳೇ ಟೈಪ್‌ರೈಟರು, ಮೇಲೊಂದು ನೀಲಿ ತಾಡಪತ್ರಿ.
ಪುಟಕ್ಕೆ ಆರು ರೂಪಾಯಿ, ಕಾರ್ಬನ್ ಪ್ರತಿಗೆ ಒಂದು.
ತಪ್ಪು ತಿದ್ದುವುದಕ್ಕೆ ದುಡ್ಡಿಲ್ಲ, ಅದು ನನ್ನ ಚಟ.

ಚಟ ಹತ್ತಿಸಿದವರು ಶೇರಿಗಾರ ಮಾಸ್ತರು,
ಫೋರ್ಟಿನ ರಾತ್ರಿಶಾಲೆಯಲ್ಲಿ.
ಹಗಲಿಡೀ ಕಪ್ಪು ಬಸಿ ತೊಳೆದು
ಬೆರಳ ತುದಿ ಒಣದ್ರಾಕ್ಷಿಯಾದ ನಮಗೆ ಹೇಳಿದ್ದು:
ಕನ್ನಡದ ಕ್ರಿಯಾಪದ ಬಾಲ ಬೀಸಿಕೊಂಡೇ ಬರುತ್ತದೆ ಮಾರಾಯರೇ,
ಬಂದದ್ದು ಗಂಡೋ ಹೆಣ್ಣೋ, ಒಬ್ಬರೋ ಹತ್ತು ಮಂದಿಯೋ
ಬಾಗಿಲು ತೆಗೆಯುವ ಮೊದಲೇ ಗೊತ್ತು.
ಇಂಗ್ಲಿಷಿನದು ಜಿಪುಣ. ಅದರ ಗಂಟಿನಲ್ಲಿರುವುದು ಒಂದೇ ಎಸ್ಸು.
ಅದನ್ನೂ ನನಗೆ ಕೊಡದು, ನಿನಗೆ ಕೊಡದು,
ಎದುರಿಗಿಲ್ಲದ ಒಬ್ಬನಿಗೆ, ಒಬ್ಬಳಿಗೆ, ಒಂದಕ್ಕೆ ಮಾತ್ರ.

ಹಿಂದಿನ ಬೆಂಚಿನ ಕೊರಗಪ್ಪ ಎದ್ದು ನಿಂತ:
"ಇಡ್ಲಿ ಸಾಂಬಾರಿಗೆ ಈಸೋ, ಆರೋ?"
"ಪ್ಲೇಟು ಎಷ್ಟು?" "ಒಂದು."
"ಬಿಲ್ಲು?" "ಒಂದೇ."
"ಹಾಗಾದರೆ ಈಸ್. ಕೂತುಕೋ."

ಜಲಜಾಕ್ಷಿ ಬಂದದ್ದು ಒಂದು ಸೋಮವಾರ,
ಅಸಲ್ಫಾ ಗುಡ್ಡದ ಚಾಳಿನಿಂದ ಎರಡು ಬಸ್ಸು ಬದಲಿಸಿ,
ಕೈಯಲ್ಲಿ ವಕೀಲ ಪರುಳೇಕರರ ಕರಡು.
ಮೂರನೇ ಪ್ಯಾರಾದಲ್ಲಿ ನನ್ನ ಬೆರಳು ನಿಂತಿತು.
ಹೀ ಬೀಟ್ ಹರ್, ಎಂದಿತ್ತು.
ಎಸ್ಸು ಬಿಟ್ಟುಹೋಗಿದೆಯೋ, ನಿನ್ನೆಗೆ ಮುಗಿದ ಮಾತೋ?
ಆ ಪದ ಹಾಗೆಯೇ. ಭೂತಕಾಲದಲ್ಲಿ
ಯಾರು ಹೊಡೆದರೂ ಒಂದೇ ರೂಪ,
ಕರ್ತೃವಿನ ಕಡೆ ತಿರುಗಿಯೂ ನೋಡದು.

"ಹೊಡೆದದ್ದೋ, ಹೊಡೆಯುವುದೋ?" ಎಂದು ಕೇಳಿದೆ.
ಸೆರಗಿನ ಅಂಚು ತಿರುವುತ್ತ ಹೇಳಿದಳು:
"ಅವರು ಹೊಡೀತಾರೆ. ಅವರು ಬೆಲ್ಟ್ ತೆಗೀತಾರೆ.
ಆಮೇಲೆ ಅವರು ಊಟ ಮಾಡ್ತಾರೆ."

ಹೊಡೆತಕ್ಕೂ ಬಹುವಚನ!
ಒಬ್ಬನೊಳಗೆ ಎಷ್ಟು ಮಂದಿ ಗಂಡಂದಿರು,
ಎಲ್ಲರಿಗೂ ಮಣೆ ಹಾಕಿ ಬಡಿಸಿದ್ದಾಳೆ.

ಎಸ್ ಒತ್ತಿದೆ.
ಎಡಗೈಯ ಉಂಗುರಬೆರಳಿಗೆ ಸಿಗುವ ಕೀಲಿ ಅದು.
ಹೀ ಬೀಟ್ಸ್.

ಊರಲ್ಲಿ ಜಗಳ ಏಕವಚನಕ್ಕೆ ಇಳಿಯಿತೆಂದರೆ
ಇನ್ನು ಕೈ ಏಳುವುದೊಂದೇ ಬಾಕಿ ಎಂದರ್ಥ.
ಇಲ್ಲಿ ಕೈ ಮೊದಲೇ ಎದ್ದು
ಏಕವಚನ ವರ್ಷಗಳ ನಂತರ ಬಂತು,
ಅದೂ ಅವಳ ಬಾಯಿಂದಲ್ಲ, ನನ್ನ ಮಶೀನಿನಿಂದ.
"ಏನು ಬರೆದಿರಿ, ಓದಿ ಹೇಳಿ" ಎಂದಳು.
ಕನ್ನಡಕ್ಕೆ ತರುವಾಗ ನನಗೂ ನಾಲಿಗೆ ಏಳಲಿಲ್ಲ,
"ಹೊಡೆಯುತ್ತಾರೆ" ಎಂದೇ ಅಂದುಬಿಟ್ಟೆ.

ಹದಿನಾಲ್ಕು ತಿಂಗಳ ಮೇಲೆ ಇಬ್ಬರೂ ಬಂದರು.
ಕೇಸು ಬೇಡ, ಒಪ್ಪಿ ಬಿಡುಗಡೆಯಾಗಲಿ ಎಂದು
ಹಿರಿಯರು ಕೂತು ತೀರ್ಮಾನಿಸಿದ್ದರಂತೆ.
ವಡಾಪಾವಿನ ಗಾಡಿಯ ಪಕ್ಕ ನಿಂತಿದ್ದ ಗಂಡ,
ತೆಳ್ಳಗಿನ ಆಳು, ಅಂಗಿಯ ಒಂದು ಗುಂಡಿ ಇಲ್ಲ,
ಒಬ್ಬನೇ ಒಬ್ಬ.

ಒಂದನೇ ಅರ್ಜಿದಾರ, ಎರಡನೇ ಅರ್ಜಿದಾರಳು
ಬೇರೆ ಬೇರೆ ವಾಸವಾಗಿದ್ದಾರೆ, ಎಂದು ಬರೆಯಬೇಕು.
ನಡುವೆ ಅಂಡ್ ಬಿದ್ದರೆ ಆರ್ ಬರಲೇಬೇಕು,
ಶೇರಿಗಾರ ಮಾಸ್ತರಾಣೆ.
ಒಟ್ಟಿಗಿಲ್ಲ ಎನ್ನುವುದಕ್ಕೂ
ಇಬ್ಬರೂ ಒಂದೇ ಕ್ರಿಯಾಪದದ ಸೂರಿನಡಿ
ಒಂದು ಸಾಲಿನಷ್ಟು ಹೊತ್ತು ನಿಲ್ಲಬೇಕು.

ಜಲಜಾಕ್ಷಿ ಪ್ರತಿಗಳನ್ನು ಎಣಿಸಿದಳು,
ಪೆನ್ನಿನ ಮುಚ್ಚಳ ಹಲ್ಲಿನಿಂದ ಕಿತ್ತು ಐದು ಕಡೆ ಸಹಿ ಮಾಡಿ
"ನನ್ನದಾಯ್ತು. ಅವನನ್ನು ಕರೀರಿ" ಎಂದಳು.
ಅವಳಿಗೇ ಗೊತ್ತಾಯಿತೋ ಇಲ್ಲವೋ.
ನಾನು ರಿಬ್ಬನ್ನು ಸಿಕ್ಕಿಕೊಂಡವನಂತೆ ತಲೆ ಬಗ್ಗಿಸಿದೆ.

ಆ ರಾತ್ರಿ ಮೀರಾ ರೋಡಿನ ಮನೆ ತಲುಪಿದಾಗ
ಒಳಗೆ ಹೆಂಡತಿ ತಂಗಿಯೊಡನೆ ಫೋನಿನಲ್ಲಿ:
"ಇಡ್ತೇನೆ ಮಾರಾಯ್ತಿ, ಇವರು ಬಂದ್ರು."
ಚಪ್ಪಲಿ ಬಿಚ್ಚುತ್ತಿದ್ದವನು
ಹಿಂತಿರುಗಿ ಮೆಟ್ಟಿಲ ಕಡೆ ನೋಡಿದೆ,
ನನ್ನ ಜೊತೆ ಇನ್ಯಾರು ಬಂದಿದ್ದಾರೆಂದು.